ಪೋರ್ಟ್‌ಲ್ಯಾಂಡ್ ಹೂದಾನಿ: ಒಂದು ಕಲ್ಲೇಟು, ಮೂರು ಜೋಡಣೆ

ಬ್ರಿಟಿಷ್ ಮ್ಯೂಸಿಯಂನ ಪೋರ್ಟ್‌ಲ್ಯಾಂಡ್ ಹೂದಾನಿಯನ್ನು ಹಾಳು ಮಾಡಿದ್ದು ಯಾರು ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. 1845ರಲ್ಲಿ ಕುಡಿತದ ಮಂಪರಿನಲ್ಲಿ ಬಂದು ಕಲ್ಲು ಎತ್ತಿ ಹಾಕಿದ ಹುಡುಗ. ಉತ್ತರ ಸರಿಯೇ. ಆದರೆ ಈ ಪ್ರಕರಣವನ್ನು ಓದಿದಷ್ಟೂ ನನ್ನನ್ನು ಕಾಡುವುದು ಬೇರೆ ವಿಷಯ. ಕಲ್ಲೇಟಿಗೆ ಒಡೆದ ಚೂರುಗಳನ್ನು ಮತ್ತೆ ಕೂಡಿಸಬಹುದಿತ್ತು. ಕೂಡಿಸಿದರು ಕೂಡ, ಒಂದಲ್ಲ ಮೂರು ಸಲ. ಆದರೆ ಹಾಗೆ ಕೂಡಿಸುವಾಗ ಯಾರೋ ಕೆಲವು ಚೂರುಗಳ ಅಂಚನ್ನು ಅರದಿಂದ ಉಜ್ಜಿದ್ದರು. ಆ ಉಜ್ಜಿಹೋದ ಗಾಜು ಇನ್ನು ಯಾವತ್ತೂ ವಾಪಸ್ ಬರುವುದಿಲ್ಲ. ಒಡೆದವನ ಕಥೆ ಪ್ರಸಿದ್ಧವಾಯಿತು. ಉಜ್ಜಿದ ಕಥೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಪಾತ್ರೆಯ ಬಗ್ಗೆ. ಎತ್ತರ ಸುಮಾರು 24 ಸೆಂಟಿಮೀಟರ್, ಅಷ್ಟೇ. ಫೋಟೋದಲ್ಲಿ ನೋಡಿದವರಿಗೆ ದೊಡ್ಡದಿರಬೇಕು ಅನಿಸುತ್ತದೆ, ಆದರೆ ಎರಡು ಕೈಯಲ್ಲಿ ಆರಾಮಾಗಿ ಹಿಡಿಯಬಹುದಾದಷ್ಟೇ ಗಾತ್ರ. ಮೈ ಪೂರ್ತಿ ಕಡು ನೀಲಿ ಗಾಜು, ಮೊದಲ ನೋಟಕ್ಕೆ ಕಪ್ಪೇ ಅನಿಸುವಷ್ಟು ಗಾಢ. ಅದರ ಮೇಲೆ ಹಾಲು ಬಿಳುಪಿನ ಗಾಜಿನಲ್ಲಿ ಗಂಡಸರು, ಹೆಂಗಸರು, ಮರ, ಬಂಡೆ, ಹಾರುವ ಪ್ರೇಮದೇವತೆ ಇರೋಸ್. ಎರಡು ಹಿಡಿ, ಪ್ರತಿ ಹಿಡಿಯ ಬುಡದಲ್ಲೂ ಒಂದೊಂದು ಪ್ಯಾನ್ ದೇವರ ಮುಖ. ಕ್ರಿಸ್ತಶಕ ಮೊದಲ ಶತಮಾನದ ಮೊದಲ ಕಾಲುಭಾಗದಲ್ಲಿ ರೋಮನ್ನರು ಮಾಡಿದ್ದು ಅಂತ ಮ್ಯೂಸಿಯಂ ಹೇಳುತ್ತದೆ. ಅಂದರೆ ಅಗಸ್ಟಸ್‌ನ ಕೊನೆಗಾಲ, ಟೈಬೀರಿಯಸ್‌ನ ಮೊದಲ ವರ್ಷಗಳು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಮೇಲೆ ಇರುವುದೂ ಇದೇ ಚಕ್ರವರ್ತಿಗಳ ಮುಖ.

ಚಿತ್ರದ ಕಥೆ ಏನು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಗ್ರೀಕ್ ಪುರಾಣದ ಪೀಲಿಯಸ್ ಮತ್ತು ಥೆಟಿಸ್ ಮದುವೆ ಅಂತ ಒಂದು ಗುಂಪು, ಅಗಸ್ಟಸ್‌ನ ತಾಯಿ ಆಟಿಯಾ ಮತ್ತು ಅಪೊಲೊ ಅಂತ ಇನ್ನೊಂದು ಗುಂಪು. ಆ ವಾದವನ್ನು ಇಲ್ಲಿ ಎಳೆಯುವುದಿಲ್ಲ. ನನಗೆ ಮುಖ್ಯ ಅನಿಸುವುದು ಇದನ್ನು ಮಾಡಿದ ರೀತಿ, ಯಾಕೆಂದರೆ ಮುಂದೆ ರಿಪೇರಿಯಲ್ಲಿ ಬಂದ ಕಷ್ಟವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಗಾಜನ್ನು ಕೊಳವೆಯಿಂದ ಊದುವ ವಿದ್ಯೆ ಹುಟ್ಟಿದ್ದು ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ, ಸಿರಿಯಾ-ಪ್ಯಾಲೆಸ್ತೀನ್ ಕರಾವಳಿಯ ಕಡೆ. ಅದಕ್ಕೂ ಮೊದಲು ಗಾಜಿನ ಪಾತ್ರೆ ಅಂದರೆ ಅಚ್ಚಿನಲ್ಲಿ ಕೂರಿಸಿದ್ದು, ಇಲ್ಲ ಮಣ್ಣಿನ ತಿರುಳಿನ ಮೇಲೆ ಸುತ್ತಿದ್ದು. ನಿಧಾನದ, ದುಬಾರಿ ಕೆಲಸ. ಊದುವುದು ಬಂದ ಮೇಲೆ ನೂರು ವರ್ಷ ಕಳೆಯುವ ಮೊದಲೇ ರೋಮನ್ ಕುಶಲಿಗಳು ಅದರಲ್ಲಿ ಇಷ್ಟು ಕಷ್ಟದ ಕೆಲಸಕ್ಕೆ ಕೈ ಹಾಕಿದ್ದರು ಅನ್ನುವುದೇ ನನಗೆ ದೊಡ್ಡ ಅಚ್ಚರಿ. ತಜ್ಞರು ಸಾಮಾನ್ಯವಾಗಿ ಒಪ್ಪುವ ವಿವರಣೆ ಹೀಗಿದೆ. ಊದುಕೊಳವೆಯ ತುದಿಗೆ ನೀಲಿ ಗಾಜಿನ ಸಣ್ಣ ಗುಳ್ಳೆ ಊದಿಕೊಳ್ಳಬೇಕು. ಅದನ್ನು ಕರಗಿದ ಬಿಳಿ ಗಾಜಿನ ಕುಡಿಕೆಯಲ್ಲಿ ಭುಜದ ತನಕ ಅದ್ದಿ ತೆಗೆಯಬೇಕು. ಈಗ ನೀಲಿಯ ಮೇಲೆ ಬಿಳಿಯ ಪದರ ಕೂತಿತು. ಎರಡನ್ನೂ ಒಟ್ಟಿಗೆ ಕಾಯಿಸುತ್ತಾ, ಒಟ್ಟಿಗೆ ಊದುತ್ತಾ, ಆಕಾರಕ್ಕೆ ತರಬೇಕು. ಹಿಡಿ ಕೂರಿಸಬೇಕು. ಆಮೇಲೆ ಕುಲುಮೆಯ ಶಾಖ ಮೆಲ್ಲಗೆ ಇಳಿಯುವ ಹಾಗೆ ನೋಡಿಕೊಂಡು, ತುಂಬಾ ನಿಧಾನವಾಗಿ ಆರಿಸಬೇಕು.

ಇದರಲ್ಲಿ ಒಂದು ದೊಡ್ಡ ಅಪಾಯ ಇದೆ. ನೀಲಿ ಗಾಜು ಮತ್ತು ಬಿಳಿ ಗಾಜು ಒಂದೇ ಅಲ್ಲ. ನೀಲಿಗೆ ಕೋಬಾಲ್ಟ್ ಹಾಕುತ್ತಾರೆ, ಬಿಳಿಯ ಮಬ್ಬಿಗೆ ಆಂಟಿಮನಿ. ಆರುವಾಗ ಒಂದು ಜಾಸ್ತಿ ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿದರೆ ಒಳಗೇ ಎಳೆದಾಟ ಶುರುವಾಗುತ್ತದೆ, ಪಾತ್ರೆ ತಾನಾಗಿಯೇ ಬಿರುಕು ಬಿಡುತ್ತದೆ. ಎರಡರ ಕುಗ್ಗುವಿಕೆಯೂ ಹೊಂದುವಂತೆ ಗಾಜನ್ನು ಬೆರೆಸಬೇಕು, ಅದೂ ಥರ್ಮಾಮೀಟರ್ ಇಲ್ಲದ ಕಾಲದಲ್ಲಿ, ಬರೀ ಕಣ್ಣಿನ ಅಂದಾಜಿನಲ್ಲಿ, ಕೈಯ ಅನುಭವದಲ್ಲಿ. ಆಮೇಲೆ ಶುರು ಕೆತ್ತುವವರ ಕೆಲಸ. ಬೇಡದ ಕಡೆ ಬಿಳಿಯನ್ನು ಪೂರ್ತಿ ತೆಗೆದು ನೀಲಿ ಕಾಣಿಸಬೇಕು. ಬೇಕಾದ ಕಡೆ ಬಿಳಿಯನ್ನು ಉಳಿಸಿ ರೂಪ ಬಿಡಿಸಬೇಕು. ಬಟ್ಟೆಯ ಮಡಿಕೆ, ಕಾಲಿನ ಅಂಚು ಇಂಥ ಕಡೆ ಬಿಳಿಯನ್ನು ಎಷ್ಟು ತೆಳುವಾಗಿಸಿದ್ದಾರೆ ಅಂದರೆ ಒಳಗಿನ ನೀಲಿ ಹಾಯ್ದು ಬಂದು ನೆರಳು ಬಿದ್ದ ಹಾಗೆ ಕಾಣುತ್ತದೆ.

ಇದು ಎಷ್ಟು ಕಷ್ಟ ಅಂತ ತಿಳಿಯಲು 19ನೇ ಶತಮಾನದ ಒಂದು ಪ್ರಯತ್ನ ನೋಡಬೇಕು. ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಕಡೆಯ ಗಾಜಿನ ಕಾರ್ಖಾನೆಯವರು ಇದರ ಪ್ರತಿಯನ್ನು ಗಾಜಿನಲ್ಲೇ ಮಾಡಲು ಹೊರಟರು. ಫಿಲಿಪ್ ಪಾರ್ಗೆಟರ್ ಎರಡು ಪದರದ ಪಾತ್ರೆ ಊದಿಸಿಕೊಟ್ಟರು, ಜಾನ್ ನಾರ್ತ್‌ವುಡ್ ಕೆತ್ತಲು ಕೂತರು. ವರ್ಷಗಟ್ಟಲೆ ಕೆಲಸ. 1876ರಲ್ಲಿ ಮುಗಿಯಿತು, ಆದರೆ ಮುಗಿಯುವ ಮೊದಲೇ ಪಾತ್ರೆ ಬಿರುಕು ಬಿಟ್ಟಿತ್ತು. ಆ ಪ್ರತಿ ಈಗ ಅಮೆರಿಕದ ಕಾರ್ನಿಂಗ್ ಗಾಜಿನ ಮ್ಯೂಸಿಯಂನಲ್ಲಿದೆ. ಉಗಿ ಯಂತ್ರದ ಕಾಲದವರಿಗೂ ಸುಲಭಕ್ಕೆ ಒಲಿಯದ ಕೆಲಸ ಇದು.

ಅಸಲಿ ಪಾತ್ರೆಯ ಲಿಖಿತ ದಾಖಲೆ ಶುರುವಾಗುವುದು 1600-01ರ ಹೊತ್ತಿಗೆ, ರೋಮಿನಲ್ಲಿ ಕಾರ್ಡಿನಲ್ ಡೆಲ್ ಮಾಂಟೆಯ ಸಂಗ್ರಹದಲ್ಲಿ. ಆಮೇಲೆ ಬಾರ್ಬೆರಿನಿ ಮನೆತನದ ಬಳಿ ಸುಮಾರು ಒಂದೂವರೆ ಶತಮಾನ ಇತ್ತು. ಇಸ್ಪೀಟಿನ ಸಾಲದಲ್ಲಿ ಮುಳುಗಿದ ಆ ಮನೆಯ ರಾಜಕುಮಾರಿ 1780ರ ಆಸುಪಾಸಿನಲ್ಲಿ ಅದನ್ನು ಜೇಮ್ಸ್ ಬೈರ್ಸ್ ಎಂಬ ಸ್ಕಾಟಿಷ್ ವ್ಯಾಪಾರಿಗೆ ಮಾರಿದಳು. ಅವನಿಂದ ಕೊಂಡವರು ನೇಪಲ್ಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್. ಹ್ಯಾಮಿಲ್ಟನ್‌ರಿಂದ ಪೋರ್ಟ್‌ಲ್ಯಾಂಡ್‌ನ ಡಚೆಸ್ ಮಾರ್ಗರೆಟ್ ಕೊಂಡರು. 1785ರಲ್ಲಿ ಅವರು ತೀರಿಕೊಂಡ ಮೇಲೆ ಮರುವರ್ಷದ ಹರಾಜಿನಲ್ಲಿ ಅವರ ಮಗನೇ, ಮೂರನೇ ಡ್ಯೂಕ್, ಅದನ್ನು ಮತ್ತೆ ಕೊಂಡರು. ಅವರು ಅದನ್ನು ಕುಂಬಾರಿಕೆಯ ಜೊಸೈಯಾ ವೆಜ್‌ವುಡ್‌ಗೆ ಕೈಗಡ ಕೊಟ್ಟರು. ವೆಜ್‌ವುಡ್ ನಾಲ್ಕು ವರ್ಷ ಒದ್ದಾಡಿ ಕಪ್ಪು ಜಾಸ್ಪರ್ ಮಣ್ಣಿನಲ್ಲಿ ಪ್ರತಿ ಮಾಡಿದರು, ಅದರಿಂದ ಪಾತ್ರೆಯ ಹೆಸರು ಇಂಗ್ಲೆಂಡಿನ ಮನೆಮನೆಗೂ ಹೋಯಿತು. 1810ರಲ್ಲಿ ಡ್ಯೂಕ್ ಮನೆಯ ಸ್ನೇಹಿತರೊಬ್ಬರ ಕೈಯಲ್ಲಿ ಬುಡ ಒಡೆಯಿತು. ಮನೆಯಲ್ಲಿ ಇಡುವುದಕ್ಕಿಂತ ಮ್ಯೂಸಿಯಂನಲ್ಲಿದ್ದರೆ ಕ್ಷೇಮ ಅಂತ ನಾಲ್ಕನೇ ಡ್ಯೂಕ್ ಬ್ರಿಟಿಷ್ ಮ್ಯೂಸಿಯಂಗೆ ಇಡಲು ಕೊಟ್ಟರು. ಮಾಲೀಕತ್ವ ಮಾತ್ರ ಅವರದ್ದೇ.

1845ರ ಫೆಬ್ರವರಿ 7, ಮಧ್ಯಾಹ್ನ ಮೂರು ಮುಕ್ಕಾಲು. ಒಬ್ಬ ಯುವಕ ಹತ್ತಿರದಲ್ಲಿದ್ದ ಕೆತ್ತನೆಯ ಕಲ್ಲೊಂದನ್ನು ಎತ್ತಿ ಪಾತ್ರೆಯ ಗಾಜಿನ ಪೆಟ್ಟಿಗೆಯ ಮೇಲೆ ಹಾಕಿದ. ಪೆಟ್ಟಿಗೆಯೂ ಹೋಯಿತು, ಪಾತ್ರೆಯೂ ಹೋಯಿತು. ಹೆಸರು ವಿಲಿಯಂ ಲಾಯ್ಡ್ ಅಂತ ಹೇಳಿದ. ಒಂದು ವಾರದಿಂದ ಕುಡಿಯುತ್ತಿದ್ದೆ, ತಲೆ ಸರಿಯಿರಲಿಲ್ಲ ಅನ್ನುವುದು ಅವನ ವಿವರಣೆ. ಮ್ಯೂಸಿಯಂ ವಿಚಾರಣೆ ಮಾಡಿಸಿದಾಗ ಅವನು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಿಂದ ಕಾಣೆಯಾಗಿದ್ದ ವಿಲಿಯಂ ಮಲ್ಕಹಿ ಎಂಬ ವಿದ್ಯಾರ್ಥಿ ಇರಬೇಕು ಅನ್ನುವ ತೀರ್ಮಾನಕ್ಕೆ ಬಂದರು.

ಕೋರ್ಟಿನಲ್ಲಿ ನಡೆದದ್ದು ವಿಚಿತ್ರ. ಆಗಿನ ಕಾನೂನಿನ ಪ್ರಕಾರ ಬೇಕಂತಲೇ ಹಾನಿ ಮಾಡಿದ ಕೇಸು ನಿಲ್ಲುತ್ತಿದ್ದದ್ದು 5 ಪೌಂಡ್ ಒಳಗಿನ ವಸ್ತುಗಳಿಗೆ ಮಾತ್ರ ಅಂತ ಅವನ ವಕೀಲ ಎತ್ತಿ ತೋರಿಸಿದ. ಪಾತ್ರೆಯ ಬೆಲೆ ಅದರ ಎಷ್ಟೋ ಪಟ್ಟು. ಹಾಗಾಗಿ ಎರಡು ಸಾವಿರ ವರ್ಷ ಹಳೆಯ ಪಾತ್ರೆ ಒಡೆದದ್ದಕ್ಕೆ ಶಿಕ್ಷೆ ಕೊಡಲು ಆಗಲಿಲ್ಲ. ಪಾತ್ರೆಯನ್ನು ಮುಚ್ಚಿದ್ದ ಗಾಜಿನ ಪೆಟ್ಟಿಗೆ ಒಡೆದದ್ದಕ್ಕೆ ಶಿಕ್ಷೆ ಆಯಿತು: 3 ಪೌಂಡ್ ದಂಡ, ಕಟ್ಟದಿದ್ದರೆ ಎರಡು ತಿಂಗಳು ಜೈಲು. ಅವನ ಬಳಿ ದುಡ್ಡಿರಲಿಲ್ಲ, ಜೈಲಿಗೆ ಹೋದ. ಯಾರೋ ಹೆಸರು ಹೇಳದೆ ಅಂಚೆಯಲ್ಲಿ ದಂಡದ ಹಣ ಕಳಿಸಿದ ಮೇಲೆ ಹೊರಗೆ ಬಂದ. ಅದೇ ವರ್ಷ ಪಾರ್ಲಿಮೆಂಟು ಕಲಾಕೃತಿಗಳ ರಕ್ಷಣೆಗೆ ಹೊಸ ಕಾನೂನು ಮಾಡಿತು.

ಡ್ಯೂಕ್ ಬೇಕಿದ್ದರೆ ಪರಿಹಾರಕ್ಕೆ ಸಿವಿಲ್ ಕೇಸು ಹಾಕಬಹುದಿತ್ತು. ಹುಡುಗನ ಮನೆಯವರು ಬಡವರು ಅಂತ ಗೊತ್ತಾಗಿತ್ತು. ಅವರ ಕೈಮೀರಿ ನಡೆದ ಹುಚ್ಚಾಟಕ್ಕೆ ಅವರು ಯಾಕೆ ನರಳಬೇಕು ಅಂತ ಡ್ಯೂಕ್ ಕೇಸೇ ಹಾಕಲಿಲ್ಲ. ಇಡೀ ಪ್ರಕರಣದಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ನಡೆ ನನ್ನ ಪ್ರಕಾರ ಇದು.

ಈಗ ಚೂರುಗಳ ಮಾತು. 200ರ ಆಸುಪಾಸು ಚೂರು. ಜೋಡಿಸುವ ಕೆಲಸ ಬಿದ್ದದ್ದು ಮ್ಯೂಸಿಯಂನಲ್ಲಿ ರಿಪೇರಿ ಕೆಲಸ ನೋಡುತ್ತಿದ್ದ ಜಾನ್ ಡಬಲ್‌ಡೇ ಮೇಲೆ. ಅವರು ಅಂಟು ಹಚ್ಚುವ ಮೊದಲು ಒಂದು ಒಳ್ಳೆಯ ಕೆಲಸ ಆಯಿತು: ಚೂರುಗಳನ್ನೆಲ್ಲ ಹರಡಿಟ್ಟು ಥಾಮಸ್ ಶೆಫರ್ಡ್ ಎಂಬ ಕಲಾವಿದರಿಂದ ಜಲವರ್ಣ ಚಿತ್ರ ಬರೆಸಿದರು. ಫೋಟೋಗ್ರಫಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ ಅದು. ಆ ಚಿತ್ರ ಇಲ್ಲದಿದ್ದರೆ ಪಾತ್ರೆ ಹೇಗೆ ಒಡೆದಿತ್ತು ಅಂತ ನೋಡಲು ನಮಗೆ ಏನೂ ಉಳಿಯುತ್ತಿರಲಿಲ್ಲ.

ಡಬಲ್‌ಡೇ ಅದೇ ಸೆಪ್ಟೆಂಬರ್ 10ಕ್ಕೆ ಕೆಲಸ ಮುಗಿಸಿದರು. ಜೊತೆಗೆ ಇನ್ನೊಂದು ಸರಿಯಾದ ನಿರ್ಧಾರ ತೆಗೆದುಕೊಂಡರು. ಪಾತ್ರೆಯ ಬುಡದಲ್ಲಿ ಒಂದು ಚಪ್ಪಟೆ ಬಿಲ್ಲೆ ಇತ್ತು, ಅದರ ಮೇಲೆ ತುದಿ ಮುಂದಕ್ಕೆ ಬಾಗಿದ ಫ್ರಿಜಿಯನ್ ಟೋಪಿ ಹಾಕಿದ, ಗ್ರೀಕ್ ಪುರಾಣದ ರಾಜಕುಮಾರ ಪ್ಯಾರಿಸ್‌ನ ಮುಖ. ಅದೂ ನೀಲಿ-ಬಿಳಿ ಗಾಜೇ, ಆದರೆ ಈ ಪಾತ್ರೆಗೆ ಸೇರಿದ್ದಲ್ಲ. ಬೇರೆಲ್ಲಿಂದಲೋ ಕತ್ತರಿಸಿ ತಂದು ಎಂದೋ ಕೂರಿಸಿದ್ದು. ಪಾತ್ರೆಯ ಬುಡ ಮೊದಲು ಚೂಪಾಗಿ ಇಳಿದಿತ್ತು, ಬಹಳ ಹಿಂದೆಯೇ ಅದು ಮುರಿದುಹೋಗಿತ್ತು, ಆಮೇಲೆ ಈ ಬಿಲ್ಲೆ ಬಂತು ಅಂತ ಈಗಿನ ತಜ್ಞರು ನಂಬುತ್ತಾರೆ. ಅಂದರೆ 1845ಕ್ಕಿಂತ ಮುಂಚೆಯೇ ಇದು ಒಮ್ಮೆ ಒಡೆದು ರಿಪೇರಿಯಾದ ಪಾತ್ರೆ. ಡಬಲ್‌ಡೇ ಆ ಬಿಲ್ಲೆಯನ್ನು ಮತ್ತೆ ಅಂಟಿಸಲಿಲ್ಲ. ಬದಲಿಗೆ ಸಾದಾ ಗಾಜಿನ ಬಿಲ್ಲೆ ಮಾಡಿಸಿ, ಅದರ ಮೇಲೆ ಒಡೆದ ತಾರೀಖು, ಜೋಡಿಸಿದ ತಾರೀಖು, ತಮ್ಮ ಹೆಸರು, ಮೂರನ್ನೂ ವಜ್ರದಿಂದ ಕೆತ್ತಿಸಿದರು. ಕೆಲವರಿಗೆ ಇದು ಹೆಸರಿನ ಆಸೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ರಿಪೇರಿ ಮಾಡಿದವರು ಯಾರು, ಯಾವಾಗ ಅಂತ ವಸ್ತುವಿನ ಮೇಲೇ ಬರೆದಿಟ್ಟರೆ ಮುಂದೆ ಬರುವವರಿಗೆ ಹುಡುಕುವ ಕಷ್ಟ ತಪ್ಪುತ್ತದೆ, ಅಲ್ವಾ?

ಆದರೆ 37 ಸಣ್ಣ ಚೂರುಗಳು ಮಿಕ್ಕವು. ಎಲ್ಲಿ ಕೂರಿಸಬೇಕು ಅಂತ ಡಬಲ್‌ಡೇಗೆ ತಿಳಿಯಲಿಲ್ಲ.

ಮಿಕ್ಕಿದ್ದು ಯಾಕೆ ಅಂತ ಅರ್ಥವಾಗಬೇಕಾದರೆ ಒಡೆದ ಗಾಜಿನ ಬಳೆಯನ್ನು ಜೋಡಿಸಲು ನೋಡಿ. ನಾಲ್ಕು ತುಂಡು ಅಂಟಿಸಿ ಐದನೆಯದು ಕೂರಿಸಲು ಹೋದರೆ ಜಾಗ ಸಾಲುವುದಿಲ್ಲ. ಪ್ರತಿ ಸಂದಿನಲ್ಲೂ ಅಂಟಿನ ತೆಳು ಪದರ ಕೂತು ಕೂದಲೆಳೆಯಷ್ಟು ಜಾಗ ತಿಂದಿರುತ್ತದೆ, ಒಂದೊಂದು ತುಂಡೂ ಚೂರೇ ಚೂರು ಓರೆಯಾಗಿರುತ್ತದೆ, ಎಲ್ಲವೂ ಸೇರಿ ಕೊನೆಯ ತುಂಡಿಗೆ ಬಾಗಿಲು ಮುಚ್ಚಿಬಿಡುತ್ತವೆ. ಐದು ತುಂಡಿಗೇ ಹೀಗಾದರೆ, ಎರಡೂ ಕಡೆ ಬಾಗಿದ ಪಾತ್ರೆಯ 200 ಚೂರಿನ ಗತಿ ಏನು? ಯಾವ ಚೂರು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ತಪ್ಪಿದರೆ ಸರಿಯಾದ ಚೂರಿಗೇ ಅದರ ಜಾಗ ಸಿಗುವುದಿಲ್ಲ. ಆಗ ಕೆಲಸಗಾರನ ಮುಂದೆ ಎರಡು ದಾರಿ. ಒಂದು, ಎಲ್ಲ ಬಿಚ್ಚಿ ಮೊದಲಿಂದ ಶುರು ಮಾಡುವುದು. ಇನ್ನೊಂದು, ಅಂಚನ್ನು ಸ್ವಲ್ಪ ಉಜ್ಜಿ ಒಳಗೆ ತಳ್ಳುವುದು.

ಈ ಎರಡನೆಯ ದಾರಿಯ ಗುರುತುಗಳು ಮುಂದೆ ಸಿಕ್ಕವು. ಅದಕ್ಕೆ ಬರುತ್ತೇನೆ.

ಆ 37 ಚೂರುಗಳನ್ನು ಎಸೆಯಲಿಲ್ಲ. ಡಬಲ್‌ಡೇಯ ಸಹೋದ್ಯೋಗಿಯೊಬ್ಬರು ಅವನ್ನು ಗ್ಯಾಬ್ ಎಂಬ ಪೆಟ್ಟಿಗೆ ಮಾಡುವವರ ಬಳಿ ಒಯ್ದು, 37 ಗೂಡುಗಳಿರುವ ಪೆಟ್ಟಿಗೆ ಮಾಡಲು ಹೇಳಿದರು, ಚೂರಿಗೊಂದು ಗೂಡು. ಪೆಟ್ಟಿಗೆ ತಯಾರಾಯಿತು, ಆದರೆ ಅದನ್ನು ತೆಗೆದುಕೊಂಡು ಹೋಗುವ ಮೊದಲೇ ಆ ಸಹೋದ್ಯೋಗಿ ತೀರಿಕೊಂಡರು. ಚೂರುಗಳು ಅಲ್ಲೇ ಉಳಿದವು. 1948ರಲ್ಲಿ, ಅಂದರೆ ಒಡೆದು 103 ವರ್ಷ ಆದ ಮೇಲೆ, ಗ್ಯಾಬ್ ಅವರ ಕಡೆಯ ಸಾಮಾನುಗಳಿಗೆ ಬೆಲೆ ಕಟ್ಟಲು ಬಂದವರು ಇವೇನು ಅಂತ ತಿಳಿಯದೆ ಮ್ಯೂಸಿಯಂಗೆ ತಂದು ತೋರಿಸಿದರು. ಗ್ರೀಕ್ ಮತ್ತು ರೋಮನ್ ವಿಭಾಗದ ಮುಖ್ಯಸ್ಥ ಬರ್ನಾರ್ಡ್ ಆಷ್‌ಮೋಲ್ ಕೈಗೆ ಅವು ಬಂದದ್ದು ಹಾಗೆ. ಗೂಡು ಗೂಡಾಗಿ ಪೆಟ್ಟಿಗೆ ಮಾಡಿಸಲು ಹೊರಟ ಆ ಸಹೋದ್ಯೋಗಿಯ ಶ್ರದ್ಧೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಚೂರುಗಳು ಒಂದು ಶತಮಾನ ಹೊರಗೇ ಉಳಿದದ್ದು ನೋವಿನ ವಿಷಯ.

ಅಷ್ಟರಲ್ಲಿ ಪಾತ್ರೆಯ ಮಾಲೀಕತ್ವವೂ ಬದಲಾಗಿತ್ತು. 1929ರಲ್ಲಿ ಡ್ಯೂಕ್ ಮನೆತನ ಅದನ್ನು ಕ್ರಿಸ್ಟೀಸ್ ಹರಾಜಿಗೆ ಇಟ್ಟಿತ್ತು, ನಿರೀಕ್ಷಿಸಿದ ಬೆಲೆ ಬರದೆ ಮಾರಾಟ ಆಗಲಿಲ್ಲ. 1945ರಲ್ಲಿ ಜೇಮ್ಸ್ ರೋಸ್ ವ್ಯಾಲೆಂಟಿನ್ ಬಿಟ್ಟುಹೋದ ದತ್ತಿಯ ಹಣದ ನೆರವಿನಿಂದ ಬ್ರಿಟಿಷ್ ಮ್ಯೂಸಿಯಂ ಅದನ್ನು ಕೊಂಡಿತು. ಹಾಗಾಗಿ 1948ರಲ್ಲಿ ಮ್ಯೂಸಿಯಂ ಮುಂದಿದ್ದದ್ದು ತನ್ನದೇ ಪಾತ್ರೆ, ಹಳೆಯದಾಗಿದ್ದ ಅಂಟು, ಮತ್ತು ಹಠಾತ್ತಾಗಿ ಮರಳಿ ಬಂದ 37 ಚೂರು. ಪಾತ್ರೆಯನ್ನು ಬಿಚ್ಚಿ ಮತ್ತೆ ಜೋಡಿಸುವ ಕೆಲಸ ಮ್ಯೂಸಿಯಂನ ಆಕ್ಸ್‌ಟೆಲ್ ಎಂಬ ಕುಶಲಿಗೆ ಬಂತು. 1949ರ ಫೆಬ್ರವರಿ ಹೊತ್ತಿಗೆ ಮುಗಿಯಿತು. 37ರಲ್ಲಿ ಎಷ್ಟು ಚೂರು ಕೂತವು ಗೊತ್ತಾ? ಮೂರು.

ಉಳಿದ ಚೂರುಗಳು ಮತ್ತೆ ಕಾಯಬೇಕಾಯಿತು, ಇನ್ನೂ ನಲವತ್ತು ವರ್ಷ.

1987ರ ನವೆಂಬರಿನಿಂದ 1988ರ ಮಾರ್ಚ್ ತನಕ ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ ಗಾಜಿನ ದೊಡ್ಡ ಪ್ರದರ್ಶನ ನಡೆಯಿತು. ಅದು ಬೇರೆ ಊರುಗಳಿಗೂ ಹೋಗುವ ಪ್ರದರ್ಶನ. ಆ ಹೊತ್ತಿಗೆ ಪಾತ್ರೆಯನ್ನು ಪರೀಕ್ಷಿಸಿದಾಗ ಅಂಟು ಹಳದಿಯಾಗಿ, ಪೆಡಸಾಗಿದ್ದು ಕಂಡಿತು. ಪ್ರಯಾಣದ ಅಲುಗಾಟ ತಡೆಯುವ ಸ್ಥಿತಿ ಇರಲಿಲ್ಲ. ಪಾತ್ರೆಯನ್ನು ಲಂಡನ್ನಿನಲ್ಲೇ ಉಳಿಸಿಕೊಂಡರು, ಮತ್ತೆ ಬಿಚ್ಚುವ ತೀರ್ಮಾನ ಆಯಿತು.

ಕೆಲಸ ಹಿಡಿದವರು ನೈಜೆಲ್ ವಿಲಿಯಮ್ಸ್ ಮತ್ತು ಸಾಂಡ್ರಾ ಸ್ಮಿತ್. ವಿಲಿಯಮ್ಸ್‌ಗೆ ಬೇರೆಯವರ ರಿಪೇರಿಯನ್ನು ಬಿಚ್ಚಿ ಹೊಸದಾಗಿ ಮಾಡುವ ಅನುಭವ ಮೊದಲೇ ಇತ್ತು. ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿನ ಹಳೆಯ ಸಮಾಧಿಯಲ್ಲಿ ಸಿಕ್ಕ ಪ್ರಸಿದ್ಧ ಶಿರಸ್ತ್ರಾಣದ ಹಳೆಯ ಜೋಡಣೆಯನ್ನು ಬಿಚ್ಚಿ, ಈಗ ನಾವೆಲ್ಲ ಫೋಟೋಗಳಲ್ಲಿ ನೋಡುವ ರೂಪ ಕೊಟ್ಟವರು ಅವರೇ. 1798ರಲ್ಲಿ ಮುಳುಗಿದ ಕೊಲೊಸಸ್ ಹಡಗಿನಿಂದ ಮೇಲೆತ್ತಿದ ಸಾವಿರಾರು ಚೂರುಗಳಿಂದ ಗ್ರೀಕ್ ಮಡಕೆಗಳನ್ನೂ ಜೋಡಿಸಿದ್ದರು. ಆ ಮಡಕೆಗಳೂ ಇದೇ ವಿಲಿಯಂ ಹ್ಯಾಮಿಲ್ಟನ್ ಸಂಗ್ರಹದವು!

1988ರ ಜೂನ್‌ನಲ್ಲಿ ಶುರು, 1989ರ ಅಕ್ಟೋಬರ್‌ನಲ್ಲಿ ಮುಕ್ತಾಯ. ಅವಸರ ಇರಲಿಲ್ಲ, ಅದೇ ಇದರ ಬಲ ಅಂತ ನನಗೆ ಅನಿಸುತ್ತದೆ. ಮೊದಲು ಫೋಟೋ ತೆಗೆದು, ಚಿತ್ರ ಬರೆದು, ಪ್ರತಿ ಚೂರು ಎಲ್ಲಿದೆ ಅಂತ ದಾಖಲೆ ಮಾಡಿಕೊಂಡರು. ಆಮೇಲೆ ಹಳೆಯ ಅಂಟನ್ನು ಮೆದು ಮಾಡಿ ಬಿಚ್ಚಿದರು. ಪಾತ್ರೆ ಮತ್ತೆ ಚೂರುಚೂರು. ಬಿಬಿಸಿಯವರು ಇದನ್ನೆಲ್ಲ ಚಿತ್ರೀಕರಿಸುತ್ತಿದ್ದರು. ಕ್ಯಾಮೆರಾ ಮುಂದೆ ದೇಶದ ಅತ್ಯಂತ ಪ್ರಸಿದ್ಧ ಗಾಜಿನ ಪಾತ್ರೆಯನ್ನು ಬಿಚ್ಚಿ ಹರಡಿಕೊಂಡು ಕೂರಲು ಎಂಥ ಧೈರ್ಯ ಬೇಕು!

ಅಂಟಿನ ಆಯ್ಕೆಗೆ ಮ್ಯೂಸಿಯಂನ ವಿಜ್ಞಾನಿಗಳು ಹಲವು ಅಂಟುಗಳನ್ನು ಪರೀಕ್ಷಿಸಿದರು. ದಶಕಗಳು ಕಳೆದರೂ ಹಳದಿಯಾಗಬಾರದು, ಪೆಡಸಾಗಬಾರದು. ಕೊನೆಗೆ ಆರಿಸಿದ್ದು ಒಂದು ಎಪಾಕ್ಸಿ ರಾಳ. ಇದರಲ್ಲಿ ಒಂದು ಇಕ್ಕಟ್ಟು ಇದೆ. ಹಳೆಯ ಕಾಲದ ಪ್ರಾಣಿಜನ್ಯ ಅಂಟು ನೀರು, ಬಿಸಿಗೆ ಕರಗುತ್ತದೆ, ಬೇಕೆಂದಾಗ ಬಿಚ್ಚಬಹುದು, ಆದರೆ ಬಾಳಿಕೆ ಬರುವುದಿಲ್ಲ. ಎಪಾಕ್ಸಿ ಬಾಳುತ್ತದೆ, ಆದರೆ ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ. ಬಲವಾದ ದ್ರಾವಕದಲ್ಲಿಟ್ಟು ಉಬ್ಬಿಸಿ ಸಡಿಲ ಮಾಡಬೇಕು ಅಷ್ಟೇ. ಸಂರಕ್ಷಣೆಯ ಕೆಲಸದಲ್ಲಿ ಸುಲಭವಾಗಿ ಬಿಚ್ಚುವಂತಿರಬೇಕು ಅನ್ನುವುದು ದೊಡ್ಡ ನಿಯಮ. ಆದರೂ ಅವರು ಆರಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಗಾಜಿನ ಚೂರಿಗೆ ಅಪಾಯ ಜಾಸ್ತಿ ಇರುವುದು ಬಿಚ್ಚಿ ಕಟ್ಟುವ ಹೊತ್ತಿನಲ್ಲೇ. ನಲವತ್ತು ವರ್ಷಕ್ಕೊಮ್ಮೆ ಬಿಚ್ಚುವುದಕ್ಕಿಂತ ಇನ್ನೂರು ವರ್ಷ ಬಿಚ್ಚದೆ ಇರುವುದು ಮೇಲು.

ಮತ್ತೆ ಜೋಡಿಸುವಾಗ ಅರದ ವಿಷಯ ಹೊರಬಂತು. ಹಿಂದಿನ ರಿಪೇರಿಗಳಲ್ಲಿ ಕೆಲವು ಚೂರುಗಳ ಅಂಚನ್ನು ಉಜ್ಜಿದ್ದಾರೆ ಅಂತ ಕಂಡಿತು. ಒಡೆದ ಗಾಜಿನ ಎರಡು ಅಂಚುಗಳು ಒಂದಕ್ಕೊಂದು ಕರಾರುವಾಕ್ಕಾಗಿ ಕೂರುತ್ತವೆ, ಆ ಕೂರುವಿಕೆಯೇ ಜೋಡಿಸುವವರಿಗೆ ದಾರಿ ತೋರಿಸುವುದು. ಇಲ್ಲೇ ಸೇರಬೇಕು, ಇದೇ ಕೋನದಲ್ಲಿ ನಿಲ್ಲಬೇಕು ಅಂತ ಹೇಳುವುದು ಆ ಅಂಚು. ಅದನ್ನು ಉಜ್ಜಿದರೆ ಚೂರು ಅತ್ತಿತ್ತ ಆಡುತ್ತದೆ. ಒಂದು ಕಡೆ ಆಡಿದ್ದು ಮೇಲೆ ಹೋಗುತ್ತಾ ಹೋಗುತ್ತಾ ದೊಡ್ಡದಾಗುತ್ತದೆ. ಕಲ್ಲು ಪಾತ್ರೆಯನ್ನು ಒಡೆದಿತ್ತು, ಆದರೆ ಹೇಗೆ ಕೂಡಿಸಬೇಕು ಅನ್ನುವ ಗುರುತನ್ನು ಅಂಚಿನಲ್ಲೇ ಬಿಟ್ಟುಹೋಗಿತ್ತು. ಅರ ಆ ಗುರುತನ್ನೇ ಅಳಿಸಿತು. ಉಜ್ಜಿದವರನ್ನು ಕೆಟ್ಟವರು ಅನ್ನಲಾರೆ. ಅವರಿಗೂ ಪಾತ್ರೆ ಮತ್ತೆ ನಿಲ್ಲಬೇಕು ಅನ್ನುವ ಆಸೆಯೇ ಇತ್ತು. ಆದರೂ ಈ ಪ್ರಕರಣದಲ್ಲಿ ಸರಿಪಡಿಸಲು ಆಗದ ಹಾನಿ ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಇದನ್ನೇ.

ಅಷ್ಟೆಲ್ಲ ತೊಡಕಿದ್ದರೂ ವಿಲಿಯಮ್ಸ್ ಮತ್ತು ಸ್ಮಿತ್ ಒಂದೂಕಾಲು ವರ್ಷದ ಮೇಲೆ ಕೂತು ಪಾತ್ರೆಯನ್ನು ನಿಲ್ಲಿಸಿದರು. 1845ರಿಂದ ಹೊರಗೆ ಕಾಯುತ್ತಿದ್ದ ಸಣ್ಣ ಚೂರುಗಳು ಈ ಸಲ ತಮ್ಮ ಜಾಗ ಸೇರಿದವು. ಕೆಲವೇ ಕೆಲವು ತೀರಾ ಸಣ್ಣ ಚಕ್ಕೆಗಳು ಮಾತ್ರ ಹೊರಗುಳಿದವು. ಖಾಲಿ ಇದ್ದ ಕಡೆಗಳಿಗೆ ಸುತ್ತಲಿನ ಬಣ್ಣ ನೋಡಿ ನೀಲಿ ಇಲ್ಲವೇ ಬಿಳಿ ರಾಳ ತುಂಬಿದರು. ವಿಲಿಯಮ್ಸ್ ಇದಾದ ಮೇಲೆ ಹೆಚ್ಚು ವರ್ಷ ಬದುಕಲಿಲ್ಲ. 1992ರಲ್ಲಿ ಜೋರ್ಡಾನ್‌ನಲ್ಲಿ ಉತ್ಖನನದ ಕೆಲಸದ ಮೇಲಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಇನ್ನೂ 47.

ಪಾತ್ರೆ ಈಗ ಬ್ರಿಟಿಷ್ ಮ್ಯೂಸಿಯಂನ 70ನೇ ಕೋಣೆಯಲ್ಲಿದೆ. ಲಂಡನ್ನಿಗೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಆ ಮ್ಯೂಸಿಯಂಗೆ ಹೋಗಿಯೇ ಹೋಗುತ್ತಾರೆ, ಮಮ್ಮಿಗಳನ್ನು ನೋಡಿ ಸುಸ್ತಾಗಿ ಹೊರಡುತ್ತಾರೆ. ಇನ್ನೊಂದು ಹದಿನೈದು ನಿಮಿಷ ಇದಕ್ಕೆ ಇಟ್ಟುಕೊಳ್ಳಿ. ಮೊದಲು ಬಟ್ಟೆಯ ಮಡಿಕೆಗಳಲ್ಲಿ ನೀಲಿ ಹಾಯುವುದನ್ನು ನೋಡಿ, ಆಮೇಲೆ ಪಾತ್ರೆಯ ಸುತ್ತ ನಿಧಾನವಾಗಿ ನಡೆದು ಕೂಡಿಸಿದ ಗೆರೆಗಳನ್ನು ಹುಡುಕಿ. ಜೊತೆಯಲ್ಲಿ ಮಕ್ಕಳಿದ್ದರೆ ಹುಡುಕುವ ಕೆಲಸ ಅವರಿಗೇ ಬಿಡಿ, ದೊಡ್ಡವರಿಗಿಂತ ಬೇಗ ಕಂಡುಹಿಡಿಯುತ್ತಾರೆ.